ಹಂಗಾಮಿನ ವ್ಯಾಪಾರಿಗೂ ನಂಬಿಕಸ್ಥ ಪಟ್ಟ ಸಿಗಲಿ

ಸಂಪಾದಕರೇ,

ಬ್ಯಾಡಗಿಯಿಂದ ಒಣಮೆಣಸಿನಕಾಯಿ ಹೊರದೇಶಕ್ಕೆ ಕಳಿಸುವ ಸಣ್ಣ ವ್ಯಾಪಾರಿ ನಾನು. ಕಳೆದ ಮಾರ್ಚ್‌ನಲ್ಲಿ ನಮ್ಮ ಕಂಟೇನರ್ ಒಂದನ್ನು ಬಂದರಿನಲ್ಲಿ ತಪಾಸಣೆಗೆ ತೆಗೆದರು. ಚೀಲ ಇಳಿಸಿ, ಹೊಲಿಗೆ ಬಿಚ್ಚಿ, ಕೈ ಹಾಕಿ ನೋಡಿ ಮತ್ತೆ ತುಂಬಿದರು. ಏನೂ ಸಿಗಲಿಲ್ಲ. ಆದರೆ ನಮ್ಮ ಕಡ್ಡಿ ಕಾಯಿ ಗೊತ್ತಲ್ಲ, ಉದ್ದ, ತೆಳು, ಮೈಯೆಲ್ಲ ಸುಕ್ಕು. ಜೋರಾಗಿ ಕೈಯಾಡಿಸಿದರೆ ತೊಟ್ಟು ಮುರಿದು ಬೀಜ ಉದುರುತ್ತದೆ. ಕರಾವಳಿಯ ತೇವದ ಗಾಳಿ ತಾಗಿದರೆ ಮೆತ್ತಗಾಗಿ ಬಣ್ಣ ಮಂಕಾಗುತ್ತದೆ. ಬ್ಯಾಡಗಿ ಕಾಯಿಗೆ ದುಡ್ಡು ಬರೋದೇ ಬಣ್ಣಕ್ಕೆ! ಖರೀದಿದಾರ ರೇಟು ಇಳಿಸಿದ. ಹಮಾಲಿ, ಬಂದರಿನ ಬಾಡಿಗೆ ಎಲ್ಲ ನಮ್ಮ ತಲೆಗೇ ಬಂತು.

ನಮ್ಮದನ್ನೇ ಯಾಕೆ ತೆಗೆದರು ಎಂದು ಏಜೆಂಟರನ್ನು ಕೇಳಿದೆ. "ಸಿಸ್ಟಮ್ ತೋರಿಸಿದೆ ಸರ್" ಎಂದರು.

ಸಿಸ್ಟಮ್ ಬೇಡ ಎನ್ನುತ್ತಿಲ್ಲ. ಕಸ್ಟಮ್ಸ್‌ನವರು 2005ರಿಂದ ಆಮದಿಗೆ, 2013ರಿಂದ ರಫ್ತಿಗೂ ಈ ಸಾಫ್ಟ್‌ವೇರ್ ಬಳಸುತ್ತಿದ್ದಾರೆ. ಸರಕು ಯಾವುದು, ಯಾವ ದೇಶದ್ದು, ವ್ಯಾಪಾರಿಯ ಹಿಂದಿನ ದಾಖಲೆ ಹೇಗಿದೆ ಎಂದೆಲ್ಲ ನೋಡಿ ಯಾವುದನ್ನು ತೆರೆಯಬೇಕೆಂದು ಅದು ಹೇಳುತ್ತದೆ. ಎಲ್ಲವನ್ನೂ ಬಿಚ್ಚುತ್ತಾ ಕೂತರೆ ಬಂದರೇ ನಿಂತುಹೋಗುತ್ತದೆ. ನಡುವೆ ಸುಮ್ನೆ ಯಾರದ್ದಾದರೂ ಆರಿಸಿ ನೋಡುವುದೂ ಉಂಟು. ಕಳ್ಳರಿಗೆ ಲೆಕ್ಕ ಸಿಗಬಾರದು, ಅಲ್ವಾ?

ನನ್ನ ತಕರಾರು ಬೇರೆ. ನಂಬಿಕಸ್ಥ ಎನಿಸಿಕೊಂಡವರಿಗೆ ತಪಾಸಣೆ ಕಡಿಮೆ. ಅದಕ್ಕೆ ಕಸ್ಟಮ್ಸ್‌ನವರು ಕೊಡುವ ಎಇಒ (ಆಥರೈಸ್ಡ್ ಎಕನಾಮಿಕ್ ಆಪರೇಟರ್) ಎಂಬ ಮಾನ್ಯತೆ ಇದೆ. 2020ರಲ್ಲಿ ಸಣ್ಣ ಉದ್ಯಮದವರಿಗೆ ನಿಯಮ ಸಡಿಲಿಸಿ, ವರ್ಷಕ್ಕೆ ಕಸ್ಟಮ್ಸ್‌ಗೆ ಸಲ್ಲಿಸಿದ 25 ದಾಖಲೆಗಳ (ರಫ್ತಿನವರಿಗೆ ಶಿಪ್ಪಿಂಗ್ ಬಿಲ್, ಅಂದರೆ ಸರಕು ಕಳಿಸುವಾಗ ಕೊಡುವ ಕಾಗದ) ಬದಲು 10 ಸಾಕು ಎಂದರು. ಒಳ್ಳೇದೇ ಆಯಿತು. ಆದರೆ ಜೊತೆಗೇ ಆರ್ಥಿಕ ವರ್ಷದ ಎರಡು ಅರ್ಧಗಳಲ್ಲೂ ಕನಿಷ್ಠ 5 ಇರಬೇಕು ಎಂದು ಗೂಟ ಹೊಡೆದರು.

ಜನವರಿಯಿಂದ ಮಾರ್ಚ್‌ವರೆಗೆ ಯಾವುದಾದರೂ ಸೋಮವಾರವೋ ಗುರುವಾರವೋ ನಮ್ಮ ಎಪಿಎಂಸಿಗೆ ಬನ್ನಿ, ಕಾಲಿಡಲು ಜಾಗ ಇರುವುದಿಲ್ಲ. ಕೋಲ್ಡ್ ಸ್ಟೋರೇಜ್‌ನಲ್ಲಿ ಮಾಲು ಇಟ್ಟು ಕಾಯುವ ತಾಕತ್ತಿದ್ದವರು ವರ್ಷಪೂರ್ತಿ ಕಳಿಸುತ್ತಾರೆ. ನಮ್ಮಂಥವರದ್ದು ಬ್ಯಾಂಕಿನ ಸಾಲ. ಕೊಂಡ ಹಾಗೇ ಕಳಿಸಿಬಿಡಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಆ 5 ಶಿಪ್ಪಿಂಗ್ ಬಿಲ್ ಎಲ್ಲಿಂದ ತರೋಣ? ಒಂದು ಚೀಲದಲ್ಲೂ ಮೋಸವಿಲ್ಲದಿದ್ದರೂ ಕಾಗದ ಕಡಿಮೆ ಎಂದು ಆ ಸಾಲಿಗೆ ನಾವು ಸೇರುವುದೇ ಇಲ್ಲ.

ಹಂಗಾಮಿನ ಸರಕಿಗೆ ಈ ಅರ್ಧವರ್ಷದ ಲೆಕ್ಕ ಬಿಟ್ಟು ಇಡೀ ವರ್ಷದ ದಾಖಲೆ ನೋಡಲಿ. ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆಯವರು ಬಜೆಟ್‌ಗೆ ಮುಂಚೆಯೇ ಇದನ್ನು ದೆಹಲಿಗೆ ಮುಟ್ಟಿಸಬೇಕು.

– ಒಬ್ಬ ಮೆಣಸಿನಕಾಯಿ ರಫ್ತುದಾರ, ಬ್ಯಾಡಗಿ, ಹಾವೇರಿ ಜಿಲ್ಲೆ