ಗಾಡಿಯ ಅಡಿಗೂ ಒಮ್ಮೆ ಬಗ್ಗಿ ನೋಡಿ

ಮಾನ್ಯ ಸಂಪಾದಕರೆ,

ಗ್ಯಾರೇಜಿನಲ್ಲೇ ಜೀಪು ಕಟ್ಟಿದವರು, ಹಳೆ ಗಾಡಿಗೆ ಹೊಸ ಎಂಜಿನ್ ಕೂರಿಸಿದವರ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಸುದ್ದಿ ಬರುತ್ತದೆ. ಓದಲು ಖುಷಿ. ಎಷ್ಟು ಖರ್ಚಾಯಿತು, ಎಷ್ಟು ಮೈಲೇಜ್ ಕೊಡುತ್ತದೆ, ಎಲ್ಲವೂ ಇರುತ್ತದೆ. ಪೆಡಲ್ ತುಳಿದಾಗ ಚಕ್ರಗಳಿಗೆ ಆಯಿಲ್ ಒತ್ತಡ ಒಯ್ಯುವ ಬ್ರೇಕ್ ಪೈಪ್ ಯಾರು ಎಳೆದರು, ಯಾವ ಪೈಪ್ ಹಾಕಿದರು ಅಂತ ಮಾತ್ರ ಒಂದು ಸಾಲೂ ಇರುವುದಿಲ್ಲ. ಗಾಡಿ ಓಡುತ್ತದೆ ಸರಿ, ನಿಲ್ಲುತ್ತದಾ ಅಂತಲೂ ಕೇಳಬೇಕಲ್ವಾ?

ಜಾಸ್ತಿ ಕಡೆ ಕಾಣುವ ತಪ್ಪು ಅಂದರೆ ತಾಮ್ರ. ಫ್ರಿಡ್ಜ್, ಏಸಿ ರಿಪೇರಿಗೆ ಬಳಸುವ ತಾಮ್ರದ ಪೈಪ್ ಕೈಯಲ್ಲೇ ಬಾಗುತ್ತದೆ, ಹೊಳೆಯುತ್ತದೆ, ಸುಲಭವಾಗಿ ಸಿಗುತ್ತದೆ, ಹಾಗಾಗಿ ಅದನ್ನೇ ಬ್ರೇಕಿಗೂ ಎಳೆದುಬಿಡುತ್ತಾರೆ. ಬರೀ ತಾಮ್ರ ನಡುಗಿ ನಡುಗಿ ಪೆಡಸಾಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಕಾರಿನ ಟೈರಿನಲ್ಲಿ ಇರುವುದು ಸುಮಾರು 2 ಬಾರ್ ಒತ್ತಡ. ಪೆಡಲ್ ಜೋರಾಗಿ ತುಳಿದಾಗ ಬ್ರೇಕ್ ಪೈಪಿನಲ್ಲಿ 70 ಬಾರ್ ದಾಟುತ್ತದೆ. ಅದಕ್ಕೆ ಬೇಕಾದ್ದು ಎರಡು ಪದರದ ಉಕ್ಕಿನ ಪೈಪ್, ಇಲ್ಲವೇ ತಾಮ್ರ-ನಿಕ್ಕಲ್ ಮಿಶ್ರಲೋಹದ್ದು. ಕಾರುಗಳಲ್ಲಿ ಸಾಮಾನ್ಯವಾಗಿ 4.75 ಮಿಲಿಮೀಟರ್ ಅಳತೆ. ಮಂಗಳೂರು, ಉಡುಪಿ ಕಡೆಯ ಉಪ್ಪು ಗಾಳಿಗೆ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ, ಅಲ್ಲಿಯವರು ನಿಕ್ಕಲ್ ಮಿಶ್ರಣದ್ದೇ ಹಾಕಿಸುವುದು ಒಳ್ಳೆಯದು. ಒಂದು ಅಲಾಯ್ ವೀಲಿನ ದುಡ್ಡೂ ಆಗುವುದಿಲ್ಲ.

ಪೈಪಿಗಿಂತ ದೊಡ್ಡ ತಲೆನೋವು ಜಾಯಿಂಟ್. ಹಳೆ ಜೀಪುಗಳಲ್ಲಿ ಇಂಚಿನ ಲೆಕ್ಕದ ಥ್ರೆಡ್, 3/8 ಇಂಚು, ಇಂಚಿಗೆ 24 ಸುತ್ತು. ಈಗಿನ ಕಾರುಗಳ ಮಾಸ್ಟರ್ ಸಿಲಿಂಡರಿನಲ್ಲಿ, ಅಂದರೆ ಪೆಡಲ್ ತುಳಿದಾಗ ಆಯಿಲ್ ದೂಡುವ ಭಾಗದಲ್ಲಿ, ಹೆಚ್ಚಾಗಿ 10 ಮಿಲಿಮೀಟರಿನದು, ಒಂದು ಸುತ್ತಿಗೂ ಇನ್ನೊಂದಕ್ಕೂ 1 ಮಿಲಿಮೀಟರ್ ಅಂತರ. ಕಣ್ಣಿಗೆ ಎರಡೂ ಒಂದೇ. ಹಳೆ ಪೈಪಿನ ನಟ್ ಹೊಸ ಸಿಲಿಂಡರಿನ ತೂತಿಗೆ ಸಲೀಸಾಗಿ ಹೋಗುತ್ತದೆ, ಸ್ವಲ್ಪ ಲೂಸ್ ಅನಿಸುತ್ತದೆ ಅಷ್ಟೆ. ಆಗ ನಮ್ಮ ಪುಣ್ಯಾತ್ಮರು ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ಸುತ್ತಿ ಬಿಗಿದುಬಿಡುತ್ತಾರೆ! ಬ್ರೇಕ್ ಜಾಯಿಂಟಿನಲ್ಲಿ ಆಯಿಲ್ ತಡೆಯುವುದು ಥ್ರೆಡ್ ಅಲ್ಲ, ಪೈಪಿನ ತುದಿಯನ್ನು ಮಡಿಸಿ ಮಾಡಿದ ಫ್ಲೇರ್. ಅದು ಒಳಗಿನ ಸೀಟಿನ ಮೇಲೆ ಒತ್ತಿ ಕೂರಬೇಕು. ಟೇಪ್ ಅಲ್ಲಿ ಯಾವ ಕೆಲಸಕ್ಕೂ ಬಾರದು, ಅದರ ಚೂರು ಆಯಿಲಿಗೆ ಸೇರಿದರೆ ಇನ್ನೊಂದು ರಗಳೆ. ಫ್ಲೇರಿನಲ್ಲೂ ಎರಡು ಮಡಿಕೆಯದು ಬೇರೆ, ಗುಳ್ಳೆಯ ಆಕಾರದ್ದು ಬೇರೆ, ಸೀಟಿಗೆ ಹೊಂದುವುದನ್ನೇ ಹಾಕಬೇಕು. ಏಸಿಯವರ ಒಂದೇ ಮಡಿಕೆಯ ಫ್ಲೇರ್ ಬ್ರೇಕಿಗೆ ಬೇಡವೇ ಬೇಡ. ಹಳೆ ಜೀಪುಗಳಲ್ಲಿ ಎಷ್ಟೋ ಗಾಡಿಗಳದು ಒಂದೇ ಸರ್ಕ್ಯೂಟ್ ಬೇರೆ, ಎಲ್ಲಿ ಒಂದು ಕಡೆ ಬಿಟ್ಟುಕೊಂಡರೂ ನಾಲ್ಕೂ ಚಕ್ರದ ಬ್ರೇಕ್ ಹೋಯಿತು ಅಂತಲೇ.

ಕೊಡಗು, ಸಕಲೇಶಪುರದ ಕಡೆ ಗಾಡಿ ಎತ್ತರಿಸುವ ಹುಚ್ಚು ಜಾಸ್ತಿ. ಸ್ಪ್ರಿಂಗ್ ಬದಲಿಸುತ್ತಾರೆ, ದೊಡ್ಡ ಟೈರ್ ಹಾಕುತ್ತಾರೆ, ಬ್ರೇಕಿನ ರಬ್ಬರ್ ಹೋಸ್ ಮಾತ್ರ ಹಳೆಯದೇ. ಚಕ್ರ ಗುಂಡಿಗೆ ಇಳಿದಾಗ ಹೋಸ್ ಹಗ್ಗದ ಹಾಗೆ ಬಿಗಿಯುತ್ತದೆ. ಜಾಕ್ ಕೊಟ್ಟು ಚಕ್ರ ಪೂರ್ತಿ ನೇತಾಡಲು ಬಿಟ್ಟು, ಸ್ಟೇರಿಂಗ್ ಎರಡೂ ಕಡೆ ಕೊನೆಯವರೆಗೆ ತಿರುಗಿಸಿದರೆ ಗೊತ್ತಾಗುತ್ತದೆ, ಐದು ನಿಮಿಷದ ಕೆಲಸ. ಉದ್ದದ ಪೈಪಿಗೆ ಅಡಿಗೊಂದು ಕ್ಲಿಪ್ ಇರಲಿ. ಸೈಲೆನ್ಸರ್ ಹತ್ತಿರ ಹಾಯಿಸಬಾರದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಅನ್ನುವುದು ನಿಯಮ. ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ ಗ್ಯಾರೇಜಿನ ಮೂಲೆಯಲ್ಲಿ ಮುಚ್ಚಳ ತೆಗೆದಿಟ್ಟ ಡಬ್ಬಿಯ ಆಯಿಲ್ ತುಂಬಿಸಿ ಆಗುಂಬೆಯ 14 ತಿರುವು ಇಳಿಯಲು ನನಗಂತೂ ಧೈರ್ಯವಿಲ್ಲ.

ಇನ್ನು ಪೆಟ್ರೋಲ್ ಪೈಪ್. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಇ20, ಅಂದರೆ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲಿಗೆ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಅದೇ. ಹಳೆ ಕಾಲದ ರಬ್ಬರಿಗೆ ಎಥೆನಾಲ್ ಆಗಿಬರುವುದಿಲ್ಲ, ಉಬ್ಬುತ್ತದೆ, ಬಿರಿಯುತ್ತದೆ. ಕಾರ್ಬುರೇಟರ್ ತೆಗೆದು ಇಂಜೆಕ್ಷನ್ ಎಂಜಿನ್ ಕೂರಿಸಿದವರಿಗೆ ಇನ್ನೊಂದು ಅಪಾಯ. ಒತ್ತಡ 0.3 ಬಾರ್ ಆಸುಪಾಸಿನಿಂದ 3 ಬಾರಿಗೆ ಏರುತ್ತದೆ, ಹಳೆ ಹೋಸ್ ತಡೆಯುವುದಿಲ್ಲ. ಹೋಸ್ ಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚಾಗಿರುವುದನ್ನೇ ಕೇಳಿ ತನ್ನಿ.

ನಮ್ಮ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗೆ ಕಾರು ಕಟ್ಟುತ್ತಾರೆ. ಅಲ್ಲಿ ಕಾರನ್ನು 60 ಡಿಗ್ರಿ ವಾಲಿಸಿ ಒಂದು ಹನಿಯೂ ಸೋರುವುದಿಲ್ಲವಾ ಅಂತ ನೋಡುತ್ತಾರೆ. ಬ್ರೇಕ್ ಹಾಕಿದರೆ ನಾಲ್ಕೂ ಚಕ್ರ ಲಾಕ್ ಆಗಬೇಕು, ಇಲ್ಲದಿದ್ದರೆ ಟ್ರ್ಯಾಕಿಗೇ ಬಿಡುವುದಿಲ್ಲ. ಖಾಲಿ ಟ್ರ್ಯಾಕಿನಲ್ಲಿ ಓಡುವ ಕಾರಿಗೆ ಇಷ್ಟು ತಪಾಸಣೆ. ಬಸ್ಸು ಲಾರಿಗಳ ನಡುವೆ ಘಾಟಿ ಇಳಿಯುವ ಜೀಪಿಗೆ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಿಸಲು ಅನುಮತಿ ಬೇಕು ಅನ್ನುವುದು ಬಹಳ ಜನಕ್ಕೆ ಗೊತ್ತು. ಅನುಮತಿ ಕೊಡುವಾಗ, ಎಫ್‌ಸಿ ಮಾಡುವಾಗ ಆರ್‌ಟಿಒದವರು ಚಾಸಿ ನಂಬರ್ ಜೊತೆಗೆ ಪೈಪುಗಳ ಮೇಲೂ ಟಾರ್ಚ್ ಬಿಟ್ಟು ನೋಡಬೇಕು ಅನ್ನುವುದು ನನ್ನ ಒತ್ತಾಯ.

ಕಟ್ಟಿದ ಜೀಪು ಕೊಳ್ಳಲು ಹೊರಟವರು ಅದಕ್ಕೆಲ್ಲ ಕಾಯಬೇಕಿಲ್ಲ. ಗಾಡಿ ಮಾರುವವರಿಗೆ ಒಂದು ನಿಮಿಷ ಬ್ರೇಕ್ ಪೆಡಲ್ ಒತ್ತಿ ಹಿಡಿಯಲು ಹೇಳಿ, ನೀವು ಟಾರ್ಚ್ ಹಿಡಿದು ಅಡಿಗೆ ಹೋಗಿ ಒಂದೊಂದೇ ಜಾಯಿಂಟಿಗೆ ಬಿಳಿ ಕಾಗದ ಒತ್ತಿ ನೋಡಿ. ಕಾಗದ ಒದ್ದೆಯಾದರೆ, ಅಥವಾ ಮೇಲೆ ಪೆಡಲ್ ಮೆಲ್ಲಗೆ ಇಳಿಯುತ್ತಾ ಹೋದರೆ, ಆ ದಿನ ಅಡ್ವಾನ್ಸ್ ಕೊಡಬೇಡಿ.

– ಹಳೆ ಜೀಪುಗಳ ಅಭಿಮಾನಿ, ಹಾಸನ