ಕಥಾ ಕಮ್ಮಟದಲ್ಲಿ ಕೈಗೂ ಕೆಲಸ ಕೊಡಿ

ಮಾನ್ಯ ಸಂಪಾದಕರೇ,

ದೀಪಾವಳಿ ವಿಶೇಷಾಂಕದ ಕಥಾ ಸ್ಪರ್ಧೆಗಳು ಹತ್ತಿರ ಬಂದಂತೆ ನಮ್ಮ ಭಾಗದಲ್ಲಿ ಕಥಾ ಕಮ್ಮಟಗಳೂ ಶುರುವಾಗುತ್ತವೆ. ಹೊಸಬರು ಎರಡು ದಿನ ಸಭಾಂಗಣದಲ್ಲಿ ಕೂತು ವಸ್ತು, ತಂತ್ರ, ನಿರೂಪಣೆ ಎಂದು ಉಪನ್ಯಾಸ ಕೇಳಿ ಮನೆಗೆ ಹೋಗುತ್ತಾರೆ. ಆಮೇಲೆ ಬರುವ ಕಥೆಗಳಲ್ಲಿ ಬ್ಯಾಡಗಿ ಮೆಣಸಿನಕಾಯಿ ಕಡಿದವನ ಕಣ್ಣಲ್ಲಿ ದಳದಳ ನೀರು ಸುರಿಯುತ್ತದೆ. ಅಕ್ಕ ಒಂದೇ ರಾತ್ರಿಯಲ್ಲಿ, ಬುಡ್ಡಿ ದೀಪದ ಬೆಳಕಿನಲ್ಲಿ, ತಂಗಿಯ ಮದುವೆಯ ಕಪ್ಪು ಚಂದ್ರಕಾಳಿ ಸೀರೆಗೆ ಸೆರಗಿನ ತುಂಬ ಕಸೂತಿ ಹಾಕಿ ಮುಗಿಸುತ್ತಾಳೆ. ಎರಡೂ ನಂಬುವ ಮಾತಲ್ಲ. ಬ್ಯಾಡಗಿಗೆ ಹೆಸರು ಬಂದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಇನ್ನು ಕಸೂತಿಯ ವಿಷಯ ಸ್ವಲ್ಪ ಬಿಡಿಸಿಯೇ ಹೇಳಬೇಕು.

ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿ ಮೂಲದಲ್ಲಿ ಇಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಹೊಲಿಗೆ ಹಾಕಬೇಕು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆ. ಕಥೆ ಬರೆಯುವವರು ಮೊದಲು ಗವಂತಿಯನ್ನೇ ಹಿಡಿಯಲಿ. ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆಯ ತುಂಡು ಸಾಕು. ಆರೆಳೆ ದಾರದಿಂದ ಎರಡೆಳೆ ಬಿಡಿಸಿಕೊಳ್ಳಿ. ಉದ್ದ ಒಂದು ಮೊಳಕ್ಕಿಂತ ಹೆಚ್ಚಾದರೆ ಸಿಕ್ಕು ಬೀಳುತ್ತದೆ. ಗಂಟು ಹಾಕುವಂತಿಲ್ಲ. ಹೋಗುವಾಗ ನಾಲ್ಕೆಳೆ ಮೇಲೆ, ನಾಲ್ಕೆಳೆ ಕೆಳಗೆ. ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತ ಬರಬೇಕು. ಆಗ ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ಚಿತ್ರ ಮೂಡುತ್ತದೆ. ಚಿತ್ರ ಗೋಪುರದ್ದಾದರೆ, ಅದರ ಒಂದು ಕವಲಿಗೆ ಸೂಜಿ ಹೋದ ಮೇಲೆ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಆದ್ದರಿಂದ ಮೊದಲ ಹೊಲಿಗೆ ಹಾಕುವ ಹೊತ್ತಿಗೇ ಹಿಂತಿರುಗುವ ದಾರಿ ತಲೆಯಲ್ಲಿ ಇರಬೇಕಾಗುತ್ತದೆ.

ಹೊಸಬರ ಕೈಯಲ್ಲಿ ಏನು ಕೆಡುತ್ತದೆ? ಒಂದು ಕಡೆ ನಾಲ್ಕರ ಬದಲು ಐದೆಳೆ ಸೇರಿಬಿಡುತ್ತದೆ. ಆ ಹೊತ್ತಿನಲ್ಲಿ ಗೊತ್ತೇ ಆಗುವುದಿಲ್ಲ. ಇಪ್ಪತ್ತು, ಮೂವತ್ತು ಹೊಲಿಗೆ ಮುಂದೆ ಹೋಗಿ ಗೋಪುರದ ಎರಡು ಇಳಿಜಾರು ಕೂಡಬೇಕಾದ ತುದಿಯಲ್ಲಿ ಒಂದೆಳೆ ಹೆಚ್ಚಾಗಿ ನಿಲ್ಲುತ್ತದೆ. ತಪ್ಪಿದ ಜಾಗದವರೆಗೂ ಬಿಚ್ಚದೆ ಬೇರೆ ದಾರಿಯಿಲ್ಲ. ಕಪ್ಪು ಸೀರೆಯ ಮೇಲಾದರೆ ಎಳೆ ಕಣ್ಣಿಗೇ ಕಾಣುವುದಿಲ್ಲ. ತಿಳಿದವರು ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಸೀರೆ ಹರವಿಕೊಳ್ಳುತ್ತಾರೆ. ಕೆಳಗಿನ ಬಿಳುಪು ಎಳೆಗಳ ಸಂದಿನಲ್ಲಿ ಕಂಡು ಎಣಿಕೆಗೆ ಸಿಗುತ್ತದೆ. ತೊಡೆಯ ಮೇಲಿನ ಆ ಬಿಳಿ ಬಟ್ಟೆ, ಎಲ್ಲೋ ಆದ ತಪ್ಪು ಎಷ್ಟೋ ಹೊತ್ತಿನ ನಂತರ ಇನ್ನೆಲ್ಲೋ ಬಯಲಾಗುವುದು: ಇವು ಕೈಗೆ ಸೂಜಿ ಹಿಡಿಯದ ಕಥೆಗಾರರಿಗೆ ಸಿಗುವಂಥವಲ್ಲ. ನೋಡಿ ಬಂದರೆ ಸಾಲದು, ಮಾಡಿ ಕೆಡಿಸಬೇಕು ಎಂದು ನಾವು ಹಟ ಹಿಡಿಯುವುದು ಇದಕ್ಕೇ. ಬಲ್ಲವರ ಕೈ ತಪ್ಪುವುದಿಲ್ಲ. ತಪ್ಪದ ಕೈಯನ್ನು ನೋಡಿದವರಿಗೆ ಕೆಲಸ ಸಲೀಸು ಎಂದೇ ಅನಿಸುತ್ತದೆ. ಆ ಸಲೀಸುತನವೇ ಕಥೆಯನ್ನು ಪೊಳ್ಳು ಮಾಡುತ್ತದೆ.

ಮೆಣಸಿನಕಾಯಿಯೂ ಹಾಗೆಯೇ. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಪೇಟೆ. ಕಡ್ಡಿ ತಳಿ ಉದ್ದ, ಸಣಕಲು, ಮೈತುಂಬ ಸುಕ್ಕು. ಡಬ್ಬಿ ಗಿಡ್ಡ, ದುಂಡು, ಬೀಜ ಹೆಚ್ಚು. ಇಷ್ಟು ಒಂದು ಗಳಿಗೆ ನೋಡಿದರೆ ತಿಳಿಯುತ್ತದೆ. ತುಂಬು, ಅಂದರೆ ತೊಟ್ಟು, ಬಿಡಿಸಲು ಹೆಣ್ಣುಮಕ್ಕಳ ಜೊತೆ ಕೂತಾಗ ತಿಳಿಯುವುದು ಬೇರೆ. ಕಾಯಿ ಅತಿ ಒಣಗಿದ್ದರೆ ತೊಟ್ಟಿನ ಜೊತೆ ಹೆಗಲೂ ಮುರಿದು ಬೀಜ ಚೆಲ್ಲುತ್ತದೆ. ಕೈ ಉರಿ ಕೂಡಲೇ ಹತ್ತುವುದಿಲ್ಲ, ಸಂಜೆಗೆ ಏರುತ್ತದೆ. ಬರೀ ನೀರಿನಲ್ಲಿ ತೊಳೆದರೆ ಹೋಗದು, ಏಕೆಂದರೆ ಖಾರದ ಅಂಶ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ ಒರೆಸಿ, ಆಮೇಲೆ ಸಾಬೂನು. ಖಾರ ಕಡಿಮೆಯ ಕಾಯಿಯೆಂದು ಕೈಯನ್ನು ಕಣ್ಣಿಗೆ ಮುಟ್ಟಿಸಬೇಡಿ.

ಇಲ್ಲೊಂದು ಎಚ್ಚರ. ತುಂಬು ಬಿಡಿಸುವುದಕ್ಕೆ ಕೂಲಿ ಕಿಲೋ ಲೆಕ್ಕದಲ್ಲಿ. ನಿಮಗೆ ಕಲಿಸುತ್ತ ಕೂತವರ ಕೈ ಅಷ್ಟು ಹೊತ್ತು ನಿಧಾನವಾಗುತ್ತದೆ, ನಷ್ಟ ಅವರದು. ‘ಯಕ್ಕಾ, ನನಗೂ ಒಂಚೂರು ತೋರಸ್ರಿ’ ಎಂದು ಕೇಳಿ ಕೂತ ಮೇಲೆ, ನೀವು ಬಿಡಿಸಿದ್ದು ಅವರ ರಾಶಿಗೇ ಸೇರಬೇಕು. ಮಾಲು ಯಾರದೋ ಅವರ ಒಪ್ಪಿಗೆಯನ್ನೂ ಮೊದಲೇ ಪಡೆಯಿರಿ. ಫೋನು ಚೀಲದಲ್ಲಿರಲಿ. ಕೇಳದೆ ಧ್ವನಿ ಮುದ್ರಿಸಿಕೊಳ್ಳುವುದು ಕಳವಿಗೆ ಸಮ.

ಎರಡನೇ ದಿನವೂ ಹೋಗಿ. ಮೊದಲ ದಿನ ಎಲ್ಲವೂ ಹೊಸದು, ಕಣ್ಣು ಘಾಟು, ಬಣ್ಣ, ಗದ್ದಲದಲ್ಲೇ ಉಳಿಯುತ್ತದೆ. ಮರುದಿನ ಸೊಂಟ ಹಿಡಿದಿರುತ್ತದೆ, ಬೇಸರ ಬಂದಿರುತ್ತದೆ. ಅವರೂ ನಿಮ್ಮನ್ನು ಮರೆತು ತಮ್ಮ ತಮ್ಮಲ್ಲಿ ಮಾತಾಡುತ್ತಾರೆ. ಅಂದು ರಾತ್ರಿ ಮಲಗುವ ಮುಂಚೆ ಬರೆದಿಡಿ: ಮೈಯಲ್ಲಿ ಎಲ್ಲಿ ನೋವು, ಯಾವ ವಸ್ತುವಿಗೆ ಏನೆಂದರು, ಯಾವುದಕ್ಕೆ ಬೈದರು, ಊಟಕ್ಕೆ ಎಷ್ಟು ಹೊತ್ತಿಗೆ ಎದ್ದರು. ವರ್ಣನೆ ಆಗ ಬೇಡ.

ದೂರ ಹೋಗಲಾಗದವರಿಗೆ ಮನೆಯಲ್ಲೇ ಜೋಳದ ಹಿಟ್ಟಿದೆ. ರೊಟ್ಟಿ ಬಡಿಯುವ ಸದ್ದನ್ನು ಚೆಂದವಾಗಿ ವರ್ಣಿಸುವ ಗಂಡಸರು ಒಮ್ಮೆ ತಾವೇ ಹಿಟ್ಟು ನಾದಲಿ. ಜೋಳದಲ್ಲಿ ಗೋಧಿಯ ಅಂಟಿಲ್ಲ. ಕುದಿಯುವ ಎಸರು ಬಿದ್ದರೇ ಜಿಗಿ. ನೀರು ಆರಿದ್ದರೆ, ಹಿಟ್ಟು ಹಳೆಯದಾಗಿದ್ದರೆ ಅಂಚು ಬಿರಿದು, ಹಂಚಿಗೆ ಎತ್ತಿ ಹಾಕುವಾಗ ರೊಟ್ಟಿ ಕೈಯಲ್ಲೇ ಹರಿಯುತ್ತದೆ. ಹುಬ್ಬಳ್ಳಿಯವರಿಗಾದರೆ 1507 ಮೀಟರ್ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಇದೆ. ತುದಿಯಿಂದ ತುದಿಗೆ ಚೀಲ ಹೊತ್ತು ನಡೆದರೆ ಇಪ್ಪತ್ತು ನಿಮಿಷ ಬೇಕು. ನಾಯಕ ಕೊನೆಯ ಗಳಿಗೆಯಲ್ಲಿ ಓಡಿ ಬಂದು ಗಾಡಿ ಹತ್ತುವ ವಾಕ್ಯವನ್ನು ಅದಾದ ಮೇಲೆ ಬರೆಯಲಿ.

ಎಲ್ಲವನ್ನೂ ಮಾಡಿಯೇ ನೋಡಬೇಕೆಂದು ನಾವು ಹೇಳುತ್ತಿಲ್ಲ. ಓಡುತ್ತಿರುವ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಯಂತ್ರ, ಆಳದ ಬಾವಿ, ಮ್ಯಾನ್‌ಹೋಲ್ ಇವುಗಳ ಹತ್ತಿರ ಸುಳಿಯಬೇಡಿ. ಅಂಥ ಕೆಲಸ ಮಾಡಿದವರ ಎದುರು ಕೂತು ಕೇಳಿಸಿಕೊಳ್ಳುವುದೇ ದಾರಿ.

ಕಮ್ಮಟ ನಡೆಸುವ ಸಂಘ, ಕಾಲೇಜುಗಳಲ್ಲಿ ನಮ್ಮ ವಿನಂತಿ ಇಷ್ಟು. ಎರಡು ದಿನದಲ್ಲಿ ಒಂದನ್ನು ಕೈಕೆಲಸಕ್ಕೆ ಬಿಟ್ಟುಕೊಡಿ. ಬ್ಯಾಡಗಿಗೆ ಹೋಗುವುದಾದರೆ ಮೆಣಸಿನಕಾಯಿ ಹಂಗಾಮಿನ ಫೆಬ್ರುವರಿ, ಮಾರ್ಚ್ ಸರಿ. ಮಳೆಗಾಲದ ಕಮ್ಮಟಕ್ಕೆ ಕಸೂತಿ ಅನುಕೂಲ. ಕಲಿಸಬಲ್ಲವರು ಧಾರವಾಡದ ಓಣಿ ಓಣಿಯಲ್ಲಿ ಇದ್ದಾರೆ, ಉಪನ್ಯಾಸಕರಿಗೆ ಕೊಡುವಷ್ಟೇ ಸಂಭಾವನೆ ಅವರಿಗೂ ಸಲ್ಲಲಿ. ಬರುವ ಆಮಂತ್ರಣ ಪತ್ರಿಕೆಯಲ್ಲಿ ಪೆನ್ನು, ಹಾಳೆಯ ಜೊತೆಗೆ ಕಾಲು ಮೀಟರ್ ಮ್ಯಾಟಿ ಬಟ್ಟೆ, ಒಂದು ಲಡಿ ಆರೆಳೆ ದಾರ, ಒಂದು ಸೂಜಿ ತರಬೇಕೆಂದು ಸೇರಿಸಿ.

— ಕಥಾ ಕಮ್ಮಟಗಳ ಇಬ್ಬರು ಮಾರ್ಗದರ್ಶಕರು, ಧಾರವಾಡ