ಮೊದಲು ತಕ್ಕಡಿ, ಆಮೇಲೆ ತಕರಾರು

ಪ್ರೀತಿಯ ಮಗಳೆ,

ಕ್ಲಾಸಿನಲ್ಲಿ ಎಲ್ಲರೂ ಒಪ್ಪಿದ ಮಾತಿಗೆ ನೀನೊಬ್ಬಳೇ ಇಲ್ಲ ಅಂದೆ, ಈಗ ಯಾರೂ ಮಾತಾಡಿಸುತ್ತಿಲ್ಲ ಅಂತ ಫೋನಿನಲ್ಲಿ ಹೇಳಿದೆಯಲ್ಲ. ಸುಮ್ನೆ ಇದ್ದುಬಿಡು ಅಂದಳು ನಿನ್ನವ್ವ. ನಾನು ಹಾಗನ್ನಲಾರೆ. ಇತಿಹಾಸ ಓದಲು ಹೋದವಳು ನೀನು, ಅದಕ್ಕೇ ಇತಿಹಾಸಕಾರ ಕೊಸಾಂಬಿಯವರ ವಿಷಯ ಬರೆಯುತ್ತಿದ್ದೇನೆ.

ದಾಮೋದರ ಧರ್ಮಾನಂದ ಕೊಸಾಂಬಿ 1907ರಲ್ಲಿ ಗೋವಾದಲ್ಲಿ ಹುಟ್ಟಿದವರು. ಅಪ್ಪ ಪಾಲಿ ಭಾಷೆಯ ದೊಡ್ಡ ವಿದ್ವಾಂಸರು. ಮಗ ಹಾರ್ವರ್ಡ್‌ನಲ್ಲಿ ಓದಿ ಬಂದು ಗಣಿತ ಕಲಿಸಿದರು. ನನ್ನಂತೆ ಗಣಿತದ ಮಾಸ್ತರರು ಅನ್ನುವ ಅಭಿಮಾನ ನನಗೆ ಜಾಸ್ತಿಯೇ ಇದೆ.

ಅವರು ಇತಿಹಾಸಕ್ಕೆ ಬಂದದ್ದು ನಾಣ್ಯಗಳ ದಾರಿಯಿಂದ. ನಿನ್ನ ಆಯಿಯ ಪೆಟ್ಟಿಗೆಯಲ್ಲಿ ನಿಜಾಮರ ಕಾಲದ ಹಾಲಿ ಸಿಕ್ಕಾ ರೂಪಾಯಿಗಳಿವೆಯಲ್ಲ? ಒಂದರ ಮೇಲೆ ಚಾರ್‌ಮಿನಾರ್ ಎದ್ದು ಕಾಣುತ್ತದೆ. ಇನ್ನೊಂದರಲ್ಲಿ ಮಿನಾರ್ ಎಲ್ಲಿ, ಕಮಾನು ಎಲ್ಲಿ ಅಂತ ಬೆರಳಿನಿಂದ ತಡವಿದರೂ ತಿಳಿಯುವುದಿಲ್ಲ. ಸಂತೆ, ಸರಾಫ್ ಬಜಾರು, ಸೊಂಟದ ಸಂಚಿ ಅಂತ ಎಷ್ಟೋ ಕೈ ತಿರುಗಿದ ನಾಣ್ಯ ಅದು. ತಿರುಗಿದಷ್ಟೂ ಸವೆಯುತ್ತದೆ, ಸವೆದಷ್ಟೂ ತೂಕ ಇಳಿಯುತ್ತದೆ. ಕೊಸಾಂಬಿ ಇದನ್ನೇ ಲೆಕ್ಕಕ್ಕೆ ತಂದರು. ತಮ್ಮ ಕಾಲದಲ್ಲಿ ಚಲಾವಣೆಯಲ್ಲಿದ್ದ ನಾಣ್ಯಗಳನ್ನು ತೂಗಿ ನೋಡಿದರು. ತಕ್ಷಶಿಲೆಯಲ್ಲಿ ಸಿಕ್ಕ, ಮುದ್ರೆಯೊತ್ತಿದ ಬೆಳ್ಳಿ ನಾಣ್ಯಗಳ ತೂಕಕ್ಕೂ ಅದೇ ಲೆಕ್ಕ ಹಚ್ಚಿದರು. ರಾಜನ ಹೆಸರೇ ಇಲ್ಲದ ನಾಣ್ಯಗಳಲ್ಲಿ ಯಾವುದು ಮೊದಲಿನದು, ಯಾವುದು ಆಮೇಲಿನದು ಅಂತ ಗೊತ್ತು ಮಾಡಲು ಹೊರಟರು.

1956ರ ಅವರ ಪುಸ್ತಕದಲ್ಲಿ ಒಂದು ಮಾತಿದೆ. ಆ ನಾಡಿನ ರಾಜ ಯಾರು ಅನ್ನುವುದಕ್ಕಿಂತ ಅಲ್ಲಿನ ಜನರ ಕೈಯಲ್ಲಿ ನೇಗಿಲು ಇತ್ತೋ ಇಲ್ಲವೋ ಅನ್ನುವುದೇ ದೊಡ್ಡ ಪ್ರಶ್ನೆಯಂತೆ. ಮಳಖೇಡ ರಾಷ್ಟ್ರಕೂಟರ ರಾಜಧಾನಿ ಅಂತ ನಾವು ಎದೆಯುಬ್ಬಿಸಿ ಹೇಳುತ್ತೇವೆ. ಕಾಗಿಣಾ ದಂಡೆಯ ಆ ಎರೆ ಹೊಲವನ್ನು ಆಗ ಯಾರು, ಯಾವ ನೇಗಿಲಿನಿಂದ ಹೂಡುತ್ತಿದ್ದರು ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಅವರು ಮಾರ್ಕ್ಸ್‌ವಾದಿ. ಆದರೂ ಕಮ್ಯುನಿಸ್ಟ್ ನಾಯಕ ಡಾಂಗೆಯವರು ಪ್ರಾಚೀನ ಭಾರತದ ಬಗ್ಗೆ ಬರೆದ ಪುಸ್ತಕವನ್ನು 1949ರಲ್ಲಿ ಖಾರವಾಗಿ ಟೀಕಿಸಿದರು. ಗ್ರೀಸ್, ರೋಮ್‌ನಲ್ಲಿದ್ದಂಥ ಗುಲಾಮಗಿರಿಯ ಘಟ್ಟ ನಮ್ಮಲ್ಲೂ ಇತ್ತು ಅನ್ನುವ ಅದರ ವಾದವನ್ನು ಒಪ್ಪಲಿಲ್ಲ. ನಮ್ಮವರ ಪುಸ್ತಕ ಅಲ್ವಾ, ಇರಲಿ ಬಿಡು ಅನ್ನಲಿಲ್ಲ. ನೆಹರೂ ಅವರನ್ನು ಮೆಚ್ಚುತ್ತಲೇ ಅವರ ಪುಸ್ತಕದ ತಪ್ಪು ಎತ್ತಿ ತೋರಿಸಿದರು. ಮುಂಬೈಯ ಟಾಟಾ ಸಂಶೋಧನಾ ಸಂಸ್ಥೆಯಲ್ಲಿದ್ದುಕೊಂಡೇ ಅಣುಶಕ್ತಿಗಿಂತ ಸೂರ್ಯನ ಶಕ್ತಿ ನಮಗೆ ಸರಿ ಅಂದರು. ಕಲಬುರಗಿಯ ಬಿಸಿಲು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. 1962ರಲ್ಲಿ ಆ ಸಂಸ್ಥೆಯಿಂದ ಹೊರಬಿದ್ದರು. 1966ರಲ್ಲಿ, 58ನೇ ವಯಸ್ಸಿಗೇ, ಪುಣೆಯಲ್ಲಿ ತೀರಿಕೊಂಡರು.

ಬರೀ ಇಲ್ಲ ಅನ್ನುವುದು ಸುಲಭ, ತಾಯಿ. ನಾಲ್ಕು ಜನ ಚಪ್ಪಾಳೆಯನ್ನೂ ತಟ್ಟುತ್ತಾರೆ. ನೀನು ಇಲ್ಲ ಅನ್ನುವ ಮೊದಲು ತೂಗಿ ನೋಡಿದ್ದೆಯಾ ಅನ್ನುವುದಷ್ಟೇ ನನ್ನ ಪ್ರಶ್ನೆ. ನಿನಗೆ ಒಪ್ಪಿಗೆಯಾದವರ ಮಾತನ್ನೂ ಅದೇ ತಕ್ಕಡಿಗೆ ಹಾಕು. ಅದೇ ಕಷ್ಟದ ಕೆಲಸ. ಅದನ್ನು ಮಾಡಿಯೂ ನೀನು ಒಂಟಿಯಾದರೆ ನಾನಿದ್ದೇನೆ.

ದಸರಾ ರಜೆಗೆ ಬಾ, ಭೀಮಾ ನದಿ ದಂಡೆಯ ಸನ್ನತಿಗೆ ಹೋಗೋಣ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಚಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲೇ ಅಶೋಕನ ಶಾಸನ ಸಿಕ್ಕಿತು. ಕೊಸಾಂಬಿ ಇದ್ದಿದ್ದರೆ ಶಾಸನ ಓದಿ ಹೊರಟುಬಿಡುತ್ತಿರಲಿಲ್ಲ. ಪುಣೆಯ ಗುಡ್ಡಗಳಲ್ಲಿ ಅಲೆದು ಹಳ್ಳಿಯ ದೇವರುಗಳನ್ನು ವಿಚಾರಿಸಿದವರು ಅವರು. ನೀನೂ ಭೀಮೆಯ ದಂಡೆಯಲ್ಲಿ ಕುರಿ ಮೇಯಿಸುವವರನ್ನು ಮಾತಾಡಿಸು. ಅವರ ದೇವರು ಯಾವುದು, ಜಾತ್ರೆಗೆ ಯಾವ ದಾರಿ ಹಿಡಿಯುತ್ತಾರೆ, ಎಲ್ಲ ಬರೆದುಕೋ. ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಕೆತ್ತನೆಯ ಮೇಲೆ ‘ರಾಯೊ ಅಸೋಕೊ’, ಅಂದರೆ ರಾಜ ಅಶೋಕ, ಅಂತ ಬ್ರಾಹ್ಮಿ ಲಿಪಿಯಲ್ಲಿದೆ. ಅಷ್ಟರೊಳಗೆ ಆ ಲಿಪಿ ಕಲಿತುಕೊಂಡು ಬಾ, ನನಗೂ ಕಲಿಸುವೆಯಂತೆ.

ನಿನ್ನ ಅಪ್ಪ
ಕಲಬುರಗಿ